ರಾಣಿ ಗೇಟು

ನನ್ನ ಪಾಠದ ಮೇಜಿನ ಮೇಲೆ, ಕೆಂಪು ಶಾಯಿಯ ಪೆನ್ನು, ಸೀಮೆಸುಣ್ಣದ ಚೂರುಗಳು ಮತ್ತು ಯಾವುದೋ ಮಗು ಮರೆತುಹೋದ ರಬ್ಬರಿನ ನಡುವೆ, ಕಿರುಬೆರಳಿನಷ್ಟು ಉದ್ದದ ಒಂದು ತಗಡಿನ ತುಂಡು ಬಿದ್ದುಕೊಂಡಿರುತ್ತದೆ. ಅದರ ಮೈತುಂಬ ಸಾಲಾಗಿ ಕಿರಿದಾದ ಸೀಳುಗಳಿವೆ. ಸಂಜೆ ಇಂಗ್ಲಿಷ್ ಕಲಿಯಲು ನಮ್ಮ ಜಗಲಿಗೆ ಬರುವ ಮಕ್ಕಳು ಅದನ್ನು ಮೌತ್ ಆರ್ಗನ್ ಎಂದುಕೊಂಡು ಊದಿ ನೋಡಿದ್ದಾರೆ, ಗೊಂಬೆಯ ಬಾಚಣಿಗೆ ಎಂದು ತಮ್ಮತಮ್ಮಲ್ಲೇ ತೀರ್ಪು ಕೊಟ್ಟಿದ್ದಾರೆ. ಪುತ್ತೂರಿನಿಂದ ಬಂದ ನೆಂಟರೊಬ್ಬರು ಕಸವೆಂದು ತಿಳಿದು ಅಂಗಳಕ್ಕೆ ಎಸೆಯಲು ಹೊರಟಾಗ ನಾನು ಅಡುಗೆಮನೆಯಿಂದ ಓಡಿಬಂದು ಕಿತ್ತುಕೊಂಡಿದ್ದೇನೆ. ಅದೇನೆಂದು ನಿಮಗೆ ಹೇಳಬೇಕಾದರೆ ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆಯ ವಿಷಯ ಹೇಳಬೇಕಾದರೆ, ನಗಬೇಡಿ, ಇಂಗ್ಲಿಷಿನ ಒಂದು ಕ್ರಿಯಾಪದದಿಂದ ಶುರುಮಾಡಬೇಕು.

ನಮ್ಮ ಮನೆ ಐವರ್ನಾಡಿನಲ್ಲಿ, ರಸ್ತೆಯಿಂದ ತುಸು ಒಳಗೆ. ಮನೆಯ ಎಡಕ್ಕೆ ರಬ್ಬರಿನ ಗುಡ್ಡ, ಮುಂದೆ ಅಂಗಳ, ಅಂಗಳದ ಅಂಚಿಗೆ ಒಂದು ಪುನರ್ಪುಳಿ ಮರ. ಪುತ್ತೂರು ಪೇಟೆಯಲ್ಲಿ ಬೆಳೆದ ನಾನು ಮದುವೆಯಾಗಿ ಇಲ್ಲಿಗೆ ಬಂದವಳು. ಕೆಲವು ವರ್ಷ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ, ಆ ಕೆಲಸ ಬಿಟ್ಟ ಮೇಲೂ ಕಲಿಸುವ ಚಟ ಬಿಡಲಾಗದೆ ಜಗಲಿಯನ್ನೇ ಶಾಲೆ ಮಾಡಿಕೊಂಡವಳು. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರಿನಲ್ಲಿ ಹೆಸರಿದೆ. ಹಠವೂ ಇದೆ ಎಂದು ಮನೆಯಲ್ಲಿ ಹೇಳುತ್ತಾರೆ, ಎರಡೂ ನಿಜವೇ ಇರಬೇಕು.

ಇಂಗ್ಲಿಷಿಗೆ ಒಂದು ವಿಚಿತ್ರ ಚಾಳಿಯಿದೆ. ಮರ್ಯಾದೆಯಿಂದ ತನ್ನಷ್ಟಕ್ಕೆ ಇದ್ದ ಕ್ರಿಯಾಪದವೊಂದರ ಬೆನ್ನಿಗೆ ಔಟ್, ಆಫ್, ಡೌನ್ ಎಂಬ ಚಿಲ್ಲರೆ ಮಾತೊಂದನ್ನು ಅಂಟಿಸಿಬಿಡುತ್ತದೆ, ಒಗ್ಗರಣೆ ಬಿದ್ದ ಸಾರಿನ ಹಾಗೆ ಅದರ ರುಚಿಯೇ ಬೇರೆಯಾಗುತ್ತದೆ. ಹಿಂದಕ್ಕೆ ಸರಿಯುವುದು ಎಂಬ ಒಂದು ಸಾಮಾನ್ಯ ಕೆಲಸಕ್ಕೆ ಅವರ ಮನೆಯಲ್ಲಿ ಎಷ್ಟು ಬಾಗಿಲುಗಳಿವೆ ನೋಡಿ. ಕೊಟ್ಟ ಮಾತಿಗೆ ತಪ್ಪಿ ಸರಿದರೆ ಬ್ಯಾಕ್ ಔಟ್, ವಾದದಲ್ಲಿ ಹಠ ಬಿಟ್ಟು ತಗ್ಗಿದರೆ ಬ್ಯಾಕ್ ಡೌನ್, ಮೈಮೇಲೆ ಬೀಳುವಷ್ಟು ಹತ್ತಿರ ಬಂದವನು ದೂರ ಹೋದರೆ ಬ್ಯಾಕ್ ಆಫ್, ಸೈನ್ಯವೋ ಪಾಲುದಾರನೋ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಪುಲ್ ಔಟ್. ಇವಿಷ್ಟನ್ನೂ ಬೋರ್ಡಿನ ಮೇಲೆ ಬರೆದು, ಕೊನೆಗೆ ಉಳಿದ ಮೂಲೆಯಲ್ಲಿ ಬೌ ಔಟ್ ಎಂದು ಬರೆದೆ. ಹತ್ತನೇ ತರಗತಿಯ ಧನ್ಯಾ, ಪ್ರಶ್ನೆ ಕೇಳದಿದ್ದರೆ ನಿದ್ದೆ ಬರದ ಹುಡುಗಿ, ಅದಕ್ಕೆ ಕನ್ನಡದಲ್ಲಿ ಒಂದೇ ಶಬ್ದ ಹೇಳಿ ಟೀಚರ್, ಬರೆದುಕೊಳ್ಳಲು ಸುಲಭವಾಗುತ್ತದೆ ಎಂದಳು.

ನಾನು ಸೀಮೆಸುಣ್ಣ ಹಿಡಿದು ನಿಂತೆ. ಹಿಂಜರಿಯುವುದು ಎಂದರೆ ಅದರಲ್ಲಿ ಹೆದರಿಕೆ ಬಂತು. ಹಿಮ್ಮೆಟ್ಟುವುದರಲ್ಲಿ ಸೋಲಿದೆ, ಕಾಲ್ತೆಗೆಯುವುದರಲ್ಲಿ ಓಟವಿದೆ, ಜಾರಿಕೊಳ್ಳುವುದು, ನುಣುಚಿಕೊಳ್ಳುವುದು ಎಂದರೆ ಕಳ್ಳನ ಮುಖ ಕಾಣಿಸುತ್ತದೆ. ಕೈತೊಳೆದುಕೊಳ್ಳುವುದು ಎಂದರೆ ಬಿಟ್ಟುಹೋದದ್ದೆಲ್ಲ ಹೊಲಸು ಎಂದಂತಾಯಿತು. ನಿವೃತ್ತಿ ಎಂಬ ದೊಡ್ಡ ಶಬ್ದವಿದೆ, ಆದರೆ ಅದಕ್ಕೆ ಕಚೇರಿಯ ಶಾಲು, ಹಣ್ಣಿನ ಬುಟ್ಟಿ ಮತ್ತು ಮೈಕಿನ ವಾಸನೆ. ಸಮಯವಾಯಿತೆಂದು ತಾನೇ ತಿಳಿದು, ಯಾರೂ ನೂಕದೆ, ಯಾರ ಮೇಲೂ ಮುನಿಯದೆ, ಇದ್ದವರಿಗೆ ತಲೆಬಾಗಿ ನಗುತ್ತಾ ಜಾಗ ಬಿಟ್ಟುಕೊಡುವುದು ಎಂದು ಕೊನೆಗೆ ಉದ್ದಕ್ಕೆ ವಿವರಿಸಿದೆ. ಒಳ್ಳೆಯ ಹಾಡುಗಾರನೊಬ್ಬ ಗಂಟಲು ಕೈಕೊಡುವ ಮೊದಲೇ ಸಭೆಗೆ ಕೈಮುಗಿದು ಏಳುತ್ತಾನಲ್ಲ, ಅದು ಎಂದೆ. ಒಂದು ಶಬ್ದ ಕೇಳಿದರೆ ಒಂದು ಪುಟ ಕೊಡುತ್ತಾರೆ ಎಂದು ಧನ್ಯಾ ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು.

ಜಗಲಿಯ ಇನ್ನೊಂದು ತುದಿಯಲ್ಲಿ ಅತ್ತೆ ಕೂತು ಅಲಸಂಡೆ ಮುರಿಯುತ್ತಿದ್ದರು. ನಮ್ಮ ಅತ್ತೆ, ದೇವಕಿ, ಎಪ್ಪತ್ತು ದಾಟಿದವರು. ಗಿಡ್ಡ ಆಳು, ಮಾತು ಕಡಿಮೆ, ಉಪ್ಪಿನ ವಿಷಯದಲ್ಲಿ ಮಾತ್ರ ಯಾರನ್ನೂ ಕ್ಷಮಿಸುವವರಲ್ಲ. ಇಂಗ್ಲಿಷ್ ಅವರಿಗೆ ಬಾರದು, ಆದರೆ ನನ್ನ ಪಾಠವನ್ನು ಅವರು ರೇಡಿಯೋ ಕೇಳಿದ ಹಾಗೆ ದಿನಾ ಕೇಳುತ್ತಿದ್ದರು. ಮಕ್ಕಳು ಹೋದ ಮೇಲೆ ನಾನು ಬೋರ್ಡು ಒರಸುತ್ತಿದ್ದಾಗ, ಆ ಕೊನೆಯದ್ದನ್ನು ಒರಸಬೇಡ ಎಂದರು.

“ನೀನು ಹೇಳಿದ್ದು ಒಳ್ಳೆದುಂಟು. ನಂಗೂ ಈಗ ಹಾಗೆಯೇ ಮಾಡುದು ಅಂತ ಉಂಟು. ನಾನು ನೆಟ್ಟಣಕ್ಕೆ ಹೋಗಿ ರತ್ನನ ಒಟ್ಟಿಗೆ ಇರ್ತೇನೆ.”

ರತ್ನ ಎಂದರೆ ಅತ್ತೆಯ ತಂಗಿ, ನಮಗೆಲ್ಲ ನೆಟ್ಟಣದ ಚಿಕ್ಕಮ್ಮ. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಸ್ಟೇಷನ್ನಿನ ಹತ್ತಿರದ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದವರು. ಅಕ್ಕ ತಂಗಿ ಇಬ್ಬರೂ ಎಳೆಯ ಪ್ರಾಯದಲ್ಲೇ ಮದುವೆಯಾಗಿ ಬೇರೆಬೇರೆ ದಿಕ್ಕಿಗೆ ಹೋದವರು. ಆಮೇಲೆ ಅವರು ಭೇಟಿಯಾದದ್ದೆಲ್ಲ ಮದುವೆಮನೆಗಳ ಅಡುಗೆಕೋಣೆಯಲ್ಲಿ, ತೆಂಗಿನಕಾಯಿ ತುರಿಯುತ್ತಲೋ ಎಲೆ ಒರಸುತ್ತಲೋ. ಒಂದು ಮಾತು ಶುರುವಾಗುವಷ್ಟರಲ್ಲಿ ಯಾರಾದರೂ ಸಕ್ಕರೆ ಡಬ್ಬ ಎಲ್ಲಿ ಎಂದು ಕೇಳಿಕೊಂಡು ಬರುತ್ತಿದ್ದರು. ಅರ್ಧಕ್ಕೆ ನಿಂತ ಆ ಮಾತುಗಳೆಲ್ಲ ಒಂದು ಮನೆಯಷ್ಟು ಬಾಕಿ ಉಂಟು ಎಂದು ಅತ್ತೆ ಒಮ್ಮೆ ಹೇಳಿದ್ದರು.

ನನಗೆ ಸಿಟ್ಟು ಬಂತು. ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟೇ. ಊರಿನವರು ಏನೆನ್ನುತ್ತಾರೆ ಎಂದು ಕೇಳಿದೆ. ಬೆಳ್ಳಾರೆ ಪೇಟೆಯಲ್ಲಿ ನಾನು ತರಕಾರಿ ಆರಿಸುತ್ತಾ ನಿಂತಾಗ, ಅತ್ತೆಯನ್ನು ಹೊರಗೆ ಹಾಕಿದವಳು ಇವಳೇ ಎಂದು ಹಿಂದಿನಿಂದ ಪಿಸುಗುಟ್ಟುವುದಿಲ್ಲವೇ ಎಂದೆ. ಬಿಪಿ ಮಾತ್ರೆಯ ಹೊತ್ತು ಯಾರು ನೆನಪು ಮಾಡುತ್ತಾರೆ, ಮಾವಿನ ಮಿಡಿಗೆ ಉಪ್ಪು ಎಷ್ಟೆಂದು ನನಗೆ ಯಾರು ಹೇಳುತ್ತಾರೆ, ನಾವು ಏನು ಕಡಿಮೆ ಮಾಡಿದ್ದೇವೆ ಎಂದು ಒಂದರ ಮೇಲೊಂದು ಹೇಳುತ್ತಾ ಹೋದೆ. ಇವರು, ಎಂದರೆ ನನ್ನ ಯಜಮಾನರು, ಅಮ್ಮನ ಮುಖವನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, ಪಂಪು ಬಂದ್ ಮಾಡಿ ಬರುತ್ತೇನೆ ಎಂದು ತೋಟಕ್ಕೆ ಇಳಿದರು. ಆ ದಿನ ಪಂಪು ಹಾಕಿಯೇ ಇರಲಿಲ್ಲ. ನುಣುಚಿಕೊಳ್ಳುವುದು ಎಂಬುದಕ್ಕೆ ಮಕ್ಕಳಿಗೆ ಕೊಡಲು ನನಗೊಂದು ಒಳ್ಳೆಯ ಉದಾಹರಣೆ ಸಿಕ್ಕಿತು.

ನನ್ನ ಮಾತೆಲ್ಲ ಮುಗಿಯುವ ತನಕ ಅತ್ತೆ ಕಾದರು. ಆಮೇಲೆ ಅಲಸಂಡೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

“ಇಪ್ಪತ್ತು ವರ್ಷದಿಂದ ನೀನು ಬೆಳಿಗ್ಗೆ ಬಂದು ಅತ್ತೆ, ಎಂತ ಅಡಿಗೆ ಮಾಡುದು ಅಂತ ಕೇಳ್ತಿ. ನಾನು ಇಲ್ಲಿ ಕೂತಷ್ಟು ದಿನ ನೀನು ಕೇಳುದೇ. ಇದು ನಿನ್ನ ಮನೆ ಆಗುದು ಯಾವಾಗ ಮಾರಾಯ್ತಿ?”

ನಾನು ಬಟ್ಟಲು ಹಿಡಿದು ಒಳಗೆ ಹೋದೆ, ಅಂದಿನಿಂದ ಮಾತು ಬಿಟ್ಟೆ. ಮಾತು ಬಿಡುವುದೂ ಒಂದು ಬಗೆಯ ಹಿಂದೆ ಸರಿಯುವಿಕೆಯೇ. ಅದಕ್ಕೆ ಇಂಗ್ಲಿಷಿನಲ್ಲಿ ಯಾವ ಬಾಲ ಅಂಟಿಸುತ್ತಾರೋ ತಿಳಿಯದು, ನಮ್ಮಲ್ಲಿ ಅದನ್ನು ಮುಖ ಊದಿಸಿಕೊಳ್ಳುವುದು ಎನ್ನುತ್ತಾರೆ. ಬೆಳಿಗ್ಗೆ ಮಾತ್ರ ಅಡುಗೆ ಏನೆಂದು ಕೇಳಲೇಬೇಕಾಗುತ್ತಿತ್ತು. ಅಷ್ಟನ್ನು ಕೇಳಿ, ಅಷ್ಟಕ್ಕೆ ಉತ್ತರ ಪಡೆದು, ಮತ್ತೆ ಊದಿಸಿಕೊಳ್ಳುತ್ತಿದ್ದೆ.

ಇಲ್ಲಿ ಜೇನಿನ ವಿಷಯ ಬರುತ್ತದೆ. ಪುನರ್ಪುಳಿ ಮರದ ಬುಡದಲ್ಲಿ ಕಾಲುಗಳ ಮೇಲೆ ನಿಲ್ಲಿಸಿದ ಒಂದು ಜೇನುಪೆಟ್ಟಿಗೆಯಿದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇರುವಂಥದ್ದೇ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು. ರಬ್ಬರ್ ಎಲೆ ಚಿಗುರುವ ಕಾಲಕ್ಕೆ ಅದು ತುಂಬಿ ತುಳುಕುತ್ತದೆ. ಅದು ಅತ್ತೆಯದ್ದೇ ರಾಜ್ಯ, ನಮಗಾರಿಗೂ ಅಲ್ಲಿ ಪ್ರವೇಶವಿಲ್ಲ. ಅವರು ಪೆಟ್ಟಿಗೆ ತೆರೆಯುವುದನ್ನು ದೂರದಿಂದ ನೋಡುವುದೇ ಒಂದು ಸುಖ. ಕೈಗೆ ಚೀಲವಿಲ್ಲ, ಮುಖಕ್ಕೆ ಪರದೆಯಿಲ್ಲ. ಜೇನು ಕಟ್ಟಿದ ಮೇಣದ ಎರಿಯನ್ನು ಎತ್ತುವಾಗ ಇದ್ದ ನಿಧಾನ, ಕೈ ಹಿಂದಕ್ಕೆ ತೆಗೆಯುವಾಗ ಇನ್ನೂ ಹೆಚ್ಚು. ಜೇನಿನ ಸ್ವರ ತುಸು ಏರಿದರೆ ಮುಚ್ಚಳ ಇಟ್ಟು, ಬೆನ್ನು ತಿರುಗಿಸದೆ, ಹಾಗೇ ಹಿಂದೆ ಹಿಂದೆ ನಡೆದು ಬರುತ್ತಿದ್ದರು. ಹೋಗುವಾಗ ಅವಸರ ಮಾಡಿದವನನ್ನೇ ಅದು ಕಚ್ಚುವುದು ಎನ್ನುತ್ತಿದ್ದರು.

ದೀಪಾವಳಿ ಕಳೆದು ಬಿಸಿಲು ಹದವಾದ ಆ ದಿನಗಳಲ್ಲಿ ಅತ್ತೆ ಒಂದು ಎರಿಯನ್ನೆತ್ತಿ ನನ್ನನ್ನು ಕರೆದು ತೋರಿಸಿದರು. ಎರಿಯ ಕೆಳ ಅಂಚಿನಲ್ಲಿ, ಉಳಿದ ಕೋಣೆಗಳಂತಲ್ಲದೆ, ನೆಲಗಡಲೆಯ ಹಾಗೆ ಇಳಿಬಿದ್ದ ದೊಡ್ಡ ಕೋಶಗಳಿದ್ದವು. ಅವುಗಳಲ್ಲಿ ಹೊಸ ರಾಣಿ ಬೆಳೆಯುತ್ತಿದೆ, ಇನ್ನು ಜೇನು ಪಾಲಾಗುತ್ತದೆ ಎಂದರು. ಪಾಲಾಗುವುದು ಎಂದರೆ ಒಂದು ಕುಟುಂಬ ಎರಡಾಗುವುದು. ಹೊಸ ಪೆಟ್ಟಿಗೆಯೊಂದನ್ನು ಅವರು ಆಗಲೇ ತೊಳೆದು ಬಿಸಿಲಿಗಿಟ್ಟಿದ್ದರು. ಅದು ಪಾಲಾಗಿ ಎರಡೂ ಕುಟುಂಬ ನೆಲೆನಿಂತ ಮೇಲೆ ತಾನು ಹೊರಡುವುದು, ಅದಕ್ಕೆ ಮೊದಲು ಹೊರಟರೆ ಜೇನಿನ ಗಂಧಗಾಳಿ ಇಲ್ಲದ ನಾನು ಎರಡನ್ನೂ ಕಳೆದುಬಿಡುತ್ತೇನೆ ಎಂದು ಅವರ ಲೆಕ್ಕಾಚಾರ.

ಹಾಗಾದರೆ ಜೇನು ಪಾಲಾಗದಿದ್ದರೆ? ನನ್ನ ಹಠಕ್ಕೆ ಅಂಟಿಕೊಳ್ಳಲು ಒಂದು ಗೋಡೆ ಸಿಕ್ಕಿತು. ಜೇನು ಸಾಕುವವರಲ್ಲಿ ಇದಕ್ಕೊಂದು ಉಪಾಯವಿದೆ ಎಂದು ನನಗೆ ಗೊತ್ತಿತ್ತು. ಪೆಟ್ಟಿಗೆಯ ಬಾಯಿಗೆ ಸೀಳುಗಳಿರುವ ಒಂದು ತಗಡನ್ನು ಸಿಕ್ಕಿಸುತ್ತಾರೆ. ಸೀಳು ಎಷ್ಟು ಕಿರಿದೆಂದರೆ, ಕೆಲಸದ ಜೇನುನೊಣಗಳು ಸಲೀಸಾಗಿ ನುಸುಳಿ ಹೋಗಿ ಬರುತ್ತವೆ, ಮೈದುಂಬಿದ ರಾಣಿ ಮಾತ್ರ ದಾಟಲಾರದು. ಅದನ್ನು ರಾಣಿ ಗೇಟು ಎನ್ನುತ್ತಾರೆ. ನನ್ನ ಮೇಜಿನ ಮೇಲೆ ಬಿದ್ದಿರುವುದು, ನೀವು ಊಹಿಸಿರುತ್ತೀರಿ, ಅದೇ.

ಈ ವರ್ಷ ಜೇನು ಪಾಲಾಗುವುದು ಬೇಡ, ಒಂದೇ ಗಟ್ಟಿ ಕುಟುಂಬ ಇದ್ದರೆ ಜೇನುತುಪ್ಪ ಹೆಚ್ಚು ಸಿಗುತ್ತದೆ, ಗೇಟು ಹಾಕುವ ಎಂದು ನಾನು ಮಾತು ಬಿಟ್ಟದ್ದನ್ನು ಬದಿಗಿಟ್ಟು ಅತ್ತೆಯೆದುರೇ ಹೇಳಿದೆ. ತುಪ್ಪದ ಮೇಲಿನ ನನ್ನ ಈ ಹೊಸ ಪ್ರೀತಿ ಯಾರನ್ನೂ ಮೋಸಮಾಡುವಂತಿರಲಿಲ್ಲ. ಅತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕಪಾಟಿನ ಮೇಲಿನ ಬಿಸ್ಕೆಟ್ ಡಬ್ಬದಲ್ಲಿದೆ, ಬೇಕಾದರೆ ಹಾಕು ಎಂದರು. ಗದರಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವರು ಗದರಲಿಲ್ಲ. ನಾನು ಉಸಿರು ಬಿಗಿಹಿಡಿದು, ಅವರು ಕಲಿಸಿದ ನಿಧಾನವನ್ನು ಅಣಕಿಸುವವಳಂತೆ ನಡೆದುಹೋಗಿ, ಪೆಟ್ಟಿಗೆಯ ಬಾಯಿಗೆ ತಗಡು ಸಿಕ್ಕಿಸಿ ಬಂದೆ. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಮರುದಿನ ಬಿಸಿಲೇರಿದ ಹೊತ್ತಿಗೆ ಅಂಗಳದಲ್ಲಿ ಒಂದು ಸದ್ದು ಎದ್ದಿತು. ಅದನ್ನು ಹೇಗೆ ಹೇಳಲಿ? ದೂರದ ಘಾಟಿಯಲ್ಲಿ ಲಾರಿಗಳು ಹತ್ತುವಾಗ ಗಾಳಿಯಲ್ಲಿ ಬರುವ ಸದ್ದು ನಮ್ಮ ಕಡೆಯವರಿಗೆ ಗೊತ್ತು, ಹಾಗೆ ಶುರುವಾಗಿ, ಹತ್ತಿರವಾಗುತ್ತಾ ಆಗುತ್ತಾ ಮೈಯೊಳಗೇ ಇಳಿಯುವಂಥದ್ದು. ಪೆಟ್ಟಿಗೆಯ ಬಾಯಿಯಿಂದ ನೊಣಗಳು ನೀರು ಹರಿದಂತೆ ಹರಿದು ಹೊರಬಂದು ಅಂಗಳವಿಡೀ ಸುತ್ತತೊಡಗಿದವು. ಬಟ್ಟೆ ಒಣಗಿಸುವ ಹಗ್ಗ, ತುಳಸಿಕಟ್ಟೆ, ಆಚೆಯ ರಬ್ಬರ್ ಮರಗಳು ಎಲ್ಲವೂ ಆ ಬಂಗಾರದ ಬಣ್ಣದ ಮಬ್ಬಿನ ಹಿಂದೆ ತೇಲುತ್ತಿದ್ದವು. ನಾನು ಜಗಲಿಯ ಕಂಬಕ್ಕೆ ಒರಗಿ, ಕೈಯಲ್ಲಿ ಸೌಟು ಹಿಡಿದುಕೊಂಡೇ, ಯಾವುದೋ ಕನಸಿನ ಒಳಗೆ ಎಚ್ಚರವಾದವಳಂತೆ ನಿಂತುಬಿಟ್ಟೆ. ಅವು ಪುನರ್ಪುಳಿಯ ಕೊಂಬೆಯೊಂದರಲ್ಲಿ ಗಡ್ಡದ ಹಾಗೆ ಜೋತುಬಿದ್ದವು. ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ತಮ್ಮ ನಡುವೆ ರಾಣಿಯಿಲ್ಲವೆಂದು ತಿಳಿದು, ಸದ್ದಿನ ಧಾಟಿ ಬದಲಾಗಿ, ಒಂದೊಂದೇ ಗುಂಪಾಗಿ ಪೆಟ್ಟಿಗೆಗೆ ಮರಳಿದವು.

ನೋಡಿದಿರಾ ಎಂದು ನಾನು ಅತ್ತೆಗೆ ಹೇಳಿದೆ. ನೋಡಿದೆ ಎಂದರು.

ಅದರ ಮರುದಿನವೂ ಹಾಗೆಯೇ ಆಯಿತು. ಹೊರಟವು, ಜೋತುಬಿದ್ದವು, ಕಾದವು, ಮರಳಿದವು. ಆದರೆ ಈ ಸಲ ಮರಳಿದ ಮೇಲೂ ಪೆಟ್ಟಿಗೆಯ ಸದ್ದು ಅಡಗಲಿಲ್ಲ, ಸಂಜೆಯ ಪಾಠದ ನಡುವೆಯೂ ಕೇಳುತ್ತಿತ್ತು. ಮೂರನೆಯ ಬೆಳಿಗ್ಗೆ, ಅತ್ತೆ ಬಚ್ಚಲಿಗೆ ಹೋಗಿದ್ದಾಗ, ನಾನೊಬ್ಬಳೇ ಪೆಟ್ಟಿಗೆಯ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತು ನೋಡಿದೆ. ಗೇಟಿನ ಸೀಳುಗಳಲ್ಲಿ, ಮೈ ದಪ್ಪವಾದ ಗಂಡು ನೊಣಗಳು ಹೊರಬರಲು ಹೋಗಿ ಸಿಕ್ಕಿಕೊಂಡು ಸತ್ತಿದ್ದವು. ಅವುಗಳ ಹಿಂದೆ, ನೆರಳಿನಲ್ಲಿ, ಉದ್ದ ಮೈಯ ಕಂದು ಬಣ್ಣದ ರಾಣಿ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯುತ್ತಿತ್ತು. ಅದು ಸಿಟ್ಟುಮಾಡುತ್ತಿರಲಿಲ್ಲ, ತಗಡನ್ನು ಕಚ್ಚುತ್ತಿರಲಿಲ್ಲ. ಒಂದೊಂದು ಸೀಳಿಗೂ ತಲೆ ಬಾಗಿಸಿ, ಆಗದೆಂದು ತಿಳಿದು, ಮುಂದಿನದಕ್ಕೆ ಹೋಗುತ್ತಿತ್ತು.

ಎಷ್ಟು ಹೊತ್ತು ಕೂತಿದ್ದೆನೋ. ಆ ಕತ್ತಲ ಬಾಗಿಲಲ್ಲಿ ನಡೆದಾಡುವ ಜೀವವನ್ನು ನೋಡುತ್ತಾ ನೋಡುತ್ತಾ ನಮ್ಮ ಮನೆಯ ಒಂದೊಂದು ಬೆಳಗೂ ಕಣ್ಣಮುಂದೆ ಬಂತು. ನಾನು ಅಡುಗೆ ಏನೆಂದು ಕೇಳುವುದು, ಅತ್ತೆ ಒಂದು ಕ್ಷಣ ತಡೆದು ಹೇಳುವುದು. ಅವರ ಆ ಒಂದು ಕ್ಷಣದ ತಡೆಯನ್ನು ನಾನು ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಅದು ದಣಿವಾಗಿತ್ತು. ನನಗೆ ಬೇಕಾದದ್ದು ಅತ್ತೆಯ ಸುಖವೂ ಅಲ್ಲ, ಊರಿನವರ ಬಾಯಿಯ ಭಯವೂ ಅದರಲ್ಲಿ ಅರ್ಧದಷ್ಟೇ. ಉಪ್ಪು ಹೆಚ್ಚಾದರೆ ಹೊರಿಸಲು, ಮಿಡಿ ಕೆಟ್ಟರೆ ಹೊಣೆಗೆ, ನನಗಿಂತ ಮೇಲೆ ಒಬ್ಬರು ಇರಲಿ ಎಂಬ ಆಸೆ. ಮತ್ತೆ, ಹೇಳಿಯೇಬಿಡುತ್ತೇನೆ, ಅವರಿಲ್ಲದ ಜಗಲಿಯನ್ನು ನನಗೆ ನೋಡಲಾಗುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನ ಪಾಲಿಗೆ ಇದ್ದ ಅಮ್ಮ ಅವರೇ.

ಆ ಹೊತ್ತಿಗೆ ಒಳಗಿನ ಸ್ವರ ಏರತೊಡಗಿತು. ನಾನು ಕೈ ಚಾಚಿ ತಗಡನ್ನು ಹಿಡಿದು ಎಳೆದೆ. ನಿಧಾನ ಮಾಡಬೇಕೆಂಬುದು ನೆನಪಿತ್ತು, ಆದರೂ ಮಣಿಕಟ್ಟಿಗೆ ಒಂದು ಕಚ್ಚಿತು. ಬೆನ್ನು ತಿರುಗಿಸದೆ ಹಿಂದೆ ಹಿಂದೆ ನಡೆದು ಬರುವಷ್ಟರಲ್ಲಿ ಅಂಗಳ ಮತ್ತೆ ಮಬ್ಬಾಗಿತ್ತು. ರಾಣಿ ಹೊರಗೆ ಬಂದದ್ದನ್ನು ನಾನು ಕಾಣಲಿಲ್ಲ, ಅಷ್ಟು ಸಾವಿರ ರೆಕ್ಕೆಗಳ ನಡುವೆ ಒಂದು ಜೋಡಿ ರೆಕ್ಕೆ ಯಾರಿಗೆ ಕಂಡೀತು. ಆದರೆ ಕೊಂಬೆಯಲ್ಲಿ ಜೋತುಬಿದ್ದ ಗಡ್ಡ ಈ ಸಲ ಬಿಗಿಯಾಗಿತ್ತು, ಶಾಂತವಾಗಿತ್ತು, ಮರಳುವ ಲಕ್ಷಣವೇ ಇರಲಿಲ್ಲ.

ತಲೆಗೆ ಟವೆಲು ಸುತ್ತಿಕೊಂಡೇ ಅತ್ತೆ ಹೊರಗೆ ಬಂದರು. ನನ್ನ ಕೈಯಲ್ಲಿದ್ದ ತಗಡನ್ನೂ ಊದಿಕೊಳ್ಳುತ್ತಿದ್ದ ಮಣಿಕಟ್ಟನ್ನೂ ನೋಡಿದರು. ಮೊದಲು ನನ್ನ ಮಣಿಕಟ್ಟಿನ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಹೊಸ ಪೆಟ್ಟಿಗೆಯನ್ನು ಕೊಂಬೆಯ ಕೆಳಗೆ ನನ್ನ ಕೈಯಲ್ಲಿ ಹಿಡಿಸಿ, ಕೊಂಬೆಯನ್ನು ಒಮ್ಮೆ ಕುಲುಕಿದರು. ಆ ಗಡ್ಡ ಧೊಪ್ಪನೆ ಪೆಟ್ಟಿಗೆಯೊಳಗೆ ಬಿದ್ದಾಗ ಆದ ಭಾರವನ್ನು ನನ್ನ ತೋಳುಗಳು ಇನ್ನೂ ಮರೆತಿಲ್ಲ. ಎಳೆಯ ಮಗುವನ್ನು ಮಡಿಲಿಗೆ ಹಾಕಿದರೆ ಅಷ್ಟೇ ಭಾರವಿರುತ್ತದೆ, ಅಷ್ಟೇ ಬಿಸಿಯೂ.

ಹೋದದ್ದು ಹೊಸ ರಾಣಿಯೋ ಹಳೆಯದೋ ಎಂದು ಕೇಳಿದೆ. ಇಪ್ಪತ್ತು ವರ್ಷ ಜೇನುಪೆಟ್ಟಿಗೆಯ ಪಕ್ಕದಲ್ಲಿ ಬಟ್ಟೆ ಒಣಗಿಸಿದವಳಿಗೆ ಅದು ಗೊತ್ತಿರಲಿಲ್ಲ. ಮಗಳು ಬೆಳೆದು ಬೇರೆ ಮನೆ ಹುಡುಕಿಕೊಂಡು ಹೋಗುತ್ತಾಳೆ ಎಂದೇ ತಿಳಿದಿದ್ದೆ, ನಮ್ಮಲ್ಲಿ ಎಲ್ಲ ಹಾಗೆಯೇ ಅಲ್ಲವೇ.

“ಹೋಗುದು ತಾಯಿ. ಕಟ್ಟಿದ ಎರಿ, ತುಂಬಿದ ತುಪ್ಪ, ಮರಿಗಳು ಎಲ್ಲ ಮಗಳಿಗೆ ಬಿಟ್ಟು, ಹೊಟ್ಟೆಯಲ್ಲಿ ಹಿಡಿದಷ್ಟು ಜೇನು ತೆಕ್ಕೊಂಡು ಹೋಗುದು. ಅದನ್ನು ಯಾರೂ ಓಡಿಸಿದ್ದಲ್ಲ.”

ಪೆಟ್ಟಿಗೆ ಕೈಯಲ್ಲಿದ್ದುದರಿಂದ ಕಣ್ಣು ಒರಸಿಕೊಳ್ಳುವಂತಿರಲಿಲ್ಲ. ಹಾಗೆಯೇ ನಿಂತು ಕೇಳಿದೆ.

“ಯಾವಾಗ ಹೊರಡುದು ಅತ್ತೆ?”

ಮುಂದಿನ ವಾರವೇ ಹೊರಟದ್ದು. ಹೊಸ ಕುಟುಂಬ ಪೆಟ್ಟಿಗೆಯಲ್ಲಿ ನೆಲೆನಿಂತಿತ್ತು, ಹಳೆಯ ಪೆಟ್ಟಿಗೆಯಲ್ಲಿ ಮಗಳ ರಾಜ್ಯಭಾರ ಶುರುವಾಗಿತ್ತು. ನೊಣಗಳೆಲ್ಲ ಮನೆ ಸೇರಿದ ಮೇಲೆ, ಬೆಳಕು ಇಳಿಯುವ ಹೊತ್ತಿಗೆ, ಹೊಸ ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕಿ ಜೀಪಿನಲ್ಲಿ ಅತ್ತೆಯ ಕಾಲಬುಡದಲ್ಲಿ ಇಟ್ಟೆವು. ಅತ್ತೆಯ ಸಾಮಾನು ಒಂದು ಬ್ಯಾಗು, ಒಂದು ಉಪ್ಪುನೀರಿನ ಮಿಡಿಯ ಭರಣಿ, ಇಷ್ಟೇ. ಒಡವೆಯ ಕಪಾಟಿನ ಬೀಗದ ಕೈ, ಉಗ್ರಾಣದ ಬೀಗದ ಕೈ ಎರಡನ್ನೂ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದರು, ನನ್ನ ಕೈಗೆ ಕೊಡಲಿಲ್ಲ. ಕೊಟ್ಟಿದ್ದರೆ ನಾನು ಅಳುತ್ತೇನೆಂದು ಅವರಿಗೆ ಗೊತ್ತಿತ್ತು. ಜೀಪು ಬೆಳ್ಳಾರೆ ದಾಟಿತು, ಪಂಜ ದಾಟಿತು. ಕಾಲಬುಡದ ಪೆಟ್ಟಿಗೆ ದಾರಿಯುದ್ದಕ್ಕೂ ನಿದ್ದೆಯಲ್ಲಿ ಗುನುಗುವವರ ಹಾಗೆ ಗುನುಗುತ್ತಿತ್ತು. ಬಯಲಿನ ಮೇಲೆ ಮಂಜು ಇಳಿಯುತ್ತಿತ್ತು, ಎದುರಿನ ಗುಡ್ಡಗಳು ಒಂದರ ಹಿಂದೊಂದು ಮಸುಕಾಗುತ್ತಾ ಆಕಾಶದಲ್ಲಿ ಸೇರಿಹೋಗುತ್ತಿದ್ದವು. ಎಲ್ಲಿ ಗುಡ್ಡ ಮುಗಿದು ಎಲ್ಲಿ ಆಕಾಶ ಶುರುವಾಯಿತೆಂದು ಹೇಳುವಂತಿರಲಿಲ್ಲ.

ನೆಟ್ಟಣದ ಚಿಕ್ಕಮ್ಮ ಟಾರ್ಚು ಹಿಡಿದು ಬೇಲಿಯ ದಣಪೆಯ ಹತ್ತಿರವೇ ನಿಂತಿದ್ದರು. ಅಕ್ಕ ಇಳಿಯುತ್ತಲೇ ತಂಗಿ ಹೇಳಿದ ಮೊದಲ ಮಾತು, ಸಕ್ಕರೆ ಡಬ್ಬ ಎಲ್ಲಿ ಉಂಟು ಅಂತ ಇಲ್ಲಿ ಕೇಳುವವರಿಲ್ಲ ಎಂದು. ಇಬ್ಬರೂ ಹುಡುಗಿಯರ ಹಾಗೆ ನಕ್ಕರು. ಸ್ಟೇಷನ್ನಿನಲ್ಲಿ ರೈಲೊಂದು ನಿಂತಿತ್ತು. ಅದರ ಬಾಲಕ್ಕೆ ಇಂಜಿನುಗಳನ್ನು ಜೋಡಿಸುತ್ತಿದ್ದರು. ಘಾಟಿಯ ಏರಿನಲ್ಲಿ ಅವು ಹಿಂದಿನಿಂದ ತಳ್ಳುತ್ತವೆ, ಮೇಲೆ ಮುಟ್ಟಿಸಿದ ಮೇಲೆ ಕಳಚಿಕೊಂಡು ತಮ್ಮಷ್ಟಕ್ಕೆ ಕೆಳಗೆ ಬರುತ್ತವೆ ಎಂದು ಚಿಕ್ಕಮ್ಮ ವಿವರಿಸಿದರು. ಅದರ ಮೇಲೂ ಒಂದು ಪ್ರಬಂಧ ಬರೆಯಬಹುದಿತ್ತು, ಆದರೆ ಆ ಹೊತ್ತಿಗೆ ನನಗೆ ಮೂಗು ಒರಸಿಕೊಳ್ಳುವ ಕೆಲಸವೇ ಸಾಕಷ್ಟಿತ್ತು. ಅತ್ತೆ ಪೆಟ್ಟಿಗೆಯನ್ನು ಚಿಕ್ಕಮ್ಮನ ಪೇರಳೆ ಮರದ ಕೆಳಗಿಟ್ಟು, ಬಟ್ಟೆಯನ್ನು ತೆಗೆದು, ಬೆನ್ನು ತಿರುಗಿಸದೆ ಹಿಂದೆ ಹಿಂದೆ ನಡೆದು ಬಂದರು. ನಾವು ಹೊರಟಾಗ ಎದ್ದು ನಿಂತು ಬಾಗಿಲ ತನಕ ಬಂದರು, ಅದರಾಚೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತೆ. ಬಸಳೆ ಇತ್ತು, ಬದನೆ ಇತ್ತು, ಒಂದು ಹೋಳು ಕುಂಬಳವಿತ್ತು. ಅತ್ತೆ ಎಂದು ಬಾಯಿ ತೆರೆದು, ಉಳಿದದ್ದನ್ನು ನುಂಗಿಕೊಂಡೆ. ನನ್ನ ಹಠ ನಿಮಗೆ ಗೊತ್ತೇ ಇದೆ. ಫೋನು ಎತ್ತಿಕೊಂಡೆ. ಮೊದಲು ಮಾತ್ರೆಯ ವಿಷಯ ಕೇಳಿದೆ, ನಿದ್ದೆಯ ವಿಷಯ ಕೇಳಿದೆ, ಜೇನು ಹೊರಗೆ ಹೋಗಿ ಬರುತ್ತಿದೆಯೇ ಎಂದು ಕೇಳಿದೆ. ಎಲ್ಲದಕ್ಕೂ ಸರಿಯಾಗಿಯೇ ಉತ್ತರ ಬಂತು. ಕೊನೆಗೆ, ಬಹಳ ಹಗುರಾಗಿ, ಹೋಗಲಿ, ಇವತ್ತು ಎಂತ ಅಡಿಗೆ ಮಾಡುದು ಅತ್ತೆ ಎಂದೆ.

ಆ ಕಡೆ ಒಂದು ಕ್ಷಣ ತಡೆಯಿತು.

“ಎಂತ? ರೈಲು ಬಂತು ಮಾರಾಯ್ತಿ, ಕೇಳುದಿಲ್ಲ,” ಎಂದು ಫೋನು ಇಟ್ಟರು.

ರೈಲಿನ ಸದ್ದು ಎಲ್ಲೂ ಇರಲಿಲ್ಲ. ಚಿಕ್ಕಮ್ಮ ಪಾತ್ರೆಯಲ್ಲಿ ಸಕ್ಕರೆ ಕಲಕುವುದು, ಪೇರಳೆ ಮರದಲ್ಲಿ ಯಾವುದೋ ಹಕ್ಕಿ ಕೂಗುವುದು, ಎಲ್ಲವೂ ಸ್ಪಷ್ಟವಾಗಿ ಕೇಳಿತ್ತು. ಫೋನು ಹಿಡಿದುಕೊಂಡೇ ನಾನು ಮೊದಲು ಕಣ್ಣೀರು ಹಾಕಿದೆ, ಆಮೇಲೆ ನಕ್ಕೆ, ಆಮೇಲೆ ಬದನೆಯನ್ನು ಸುಟ್ಟು ಗೊಜ್ಜು ಮಾಡಿದೆ. ಉಪ್ಪು ತುಸು ಹೆಚ್ಚಾಯಿತು. ಇವರು ಮಜ್ಜಿಗೆ ಬೆರೆಸಿಕೊಂಡು ಉಂಡರು.

ಸಂಜೆ ಧನ್ಯಾ ಬಂದವಳೇ ಬೋರ್ಡಿನ ಮೂಲೆಯನ್ನು ತೋರಿಸಿದಳು. ಒರಸದೆ ಉಳಿದಿದ್ದ ಆ ಇಂಗ್ಲಿಷ್ ಶಬ್ದದ ಪಕ್ಕದಲ್ಲಿ ಕನ್ನಡದ ಜಾಗ ಇನ್ನೂ ಖಾಲಿಯಿತ್ತು. ಒಂದೇ ಶಬ್ದ ಸಿಕ್ಕಿತಾ ಟೀಚರ್ ಎಂದಳು. ನಾನು ಸೀಮೆಸುಣ್ಣ ಎತ್ತಿಕೊಂಡು, ರೈಲು ಬಂತು, ಕೇಳುದಿಲ್ಲ ಎಂದು ಬರೆದೆ. ಮಕ್ಕಳು ಮುಖ ಮುಖ ನೋಡಿಕೊಂಡು, ಟೀಚರ್ ಹೇಳಿದ್ದಾರಲ್ಲ ಎಂದು ಅದನ್ನೇ ಬರೆದುಕೊಂಡರು. ಮೇಜಿನ ಮೇಲೆ ಆ ತಗಡು ಬಿದ್ದಿತ್ತು. ಜೇನುಪೆಟ್ಟಿಗೆಯಲ್ಲಿ ಇನ್ನೊಂದು ವರ್ಷ ಅಂಥ ಕೋಶಗಳು ಕಾಣಿಸಿಕೊಂಡಾವು, ಆಗ ಪೆಟ್ಟಿಗೆ ತೆರೆದು ನೋಡಬೇಕಾದವಳು ನಾನೇ. ತಗಡನ್ನು ಮರಳಿ ಬಿಸ್ಕೆಟ್ ಡಬ್ಬಕ್ಕೆ ಹಾಕಲು ಎರಡು ಸಲ ಎತ್ತಿಕೊಂಡೆ, ಎರಡು ಸಲವೂ ಇಲ್ಲೇ ಇಟ್ಟೆ. ಇಲ್ಲಿಂದ ಎದ್ದು ಹೋಗುವ ದಿನ ನನಗೂ ಬಂದೀತು, ಆಗ ಬಾಗಿಲಲ್ಲಿ ಅಡ್ಡ ನಿಲ್ಲುವ ಪ್ರೀತಿಯವರ ಕೈಗೆ ಕೊಟ್ಟು ಹೋಗಲು ಇದು ಬೇಕಾಗುತ್ತದೆ.